ಫೋಟೋ ಮಸುಕಾಗಿದೆಯಾ? ಲೆನ್ಸ್ ಮಾರುವ ಮುಂಚೆ ಇಷ್ಟು ನೋಡಿ

"ಸರ, ಲೆನ್ಸ್ ಕೆಟ್ಟೈತ್ರಿ. ಒಂದೂ ಫೋಟೋ ಶಾರ್ಪ್ ಬರವಲ್ದು."

ಮದುವೆ ಸೀಸನ್ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಫೋಟೋ ಗೆಳೆಯರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ. ಹೆಚ್ಚಿನ ಸಲ ಲೆನ್ಸ್ ಕೆಟ್ಟಿರುವುದಿಲ್ಲ. ಶಟರ್ (ಬೆಳಕು ಒಳಗೆ ಬಿಡುವ ಪರದೆ) ನಿಧಾನ ಇರುತ್ತದೆ, ಫೋಕಸ್ ಬೇರೆ ಕಡೆ ಕೂತಿರುತ್ತದೆ, ಇಲ್ಲವೇ ಗಾಜಿನ ಮೇಲೆ ಬೆರಳಿನ ಎಣ್ಣೆ ಹತ್ತಿರುತ್ತದೆ.

ಮೊದಲು ಒಂದು ಕೆಲಸ ಮಾಡಿ. ಮಸುಕಾದ ಫೋಟೋವನ್ನು ಕಂಪ್ಯೂಟರಿನಲ್ಲಿ 100 ಪರ್ಸೆಂಟ್‌ಗೆ ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ನೋಡಿ. ಕಂಪ್ಯೂಟರ್ ಇಲ್ಲದಿದ್ದರೆ ಕ್ಯಾಮೆರಾ ಪರದೆಯ ಮೇಲೇ ಜೂಮ್ ಮಾಡಿ. ಎಲ್ಲಾದರೂ ಒಂದು ಚೂರು ಶಾರ್ಪ್ ಇದೆಯಾ? ಇದ್ದರೆ ಎಲ್ಲಿ? ಎಲ್ಲೂ ಇಲ್ಲ ಅಂದರೆ, ಮಸುಕು ಒಂದೇ ದಿಕ್ಕಿಗೆ ಎಳೆದಂತಿದೆಯಾ, ಎಲ್ಲ ಕಡೆ ಸಮನಾಗಿ ಹರಡಿದೆಯಾ? ಇದಕ್ಕೆ ಉತ್ತರ ಸಿಕ್ಕರೆ ಕೆಳಗಿನ ಯಾವ ಭಾಗ ನಿಮಗೆ ಬೇಕು ಅಂತ ತಾನೇ ಗೊತ್ತಾಗುತ್ತದೆ. ಒಂದೇ ಫೋಟೋ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೆರಡು ಯಾರದ್ದಾದರೂ ಕೆಡುತ್ತವೆ. ಹತ್ತೂ ಒಂದೇ ಥರ ಕೆಟ್ಟಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ತೆಗೆದಾಗ ಚೆನ್ನಾಗಿತ್ತು, ಕಳಿಸಿದ ಮೇಲೆ ಮಸುಕು

ಇದಕ್ಕೆ ಫೋಕಸ್ ಕಾರಣ ಅಲ್ಲ. ವಾಟ್ಸಾಪ್‌ನಂಥ ಆ್ಯಪ್‌ಗಳು ಫೋಟೋವನ್ನು ಕುಗ್ಗಿಸಿ ಕಳಿಸುತ್ತವೆ. ಸೀರೆ ಅಂಚಿನ ಜರಿ, ಕೂದಲ ಎಳೆ ಮೊದಲು ಕರಗಿಹೋಗುತ್ತವೆ. ಮೂಲ ಫೈಲನ್ನು 'ಡಾಕ್ಯುಮೆಂಟ್' ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ. ಆಲ್ಬಂ ಪ್ರಿಂಟಿಗೆ ವಾಟ್ಸಾಪ್‌ನಿಂದ ಇಳಿಸಿದ ಫೋಟೋ ಕೊಟ್ಟು, ಆಮೇಲೆ ಪ್ರಿಂಟಿನವನ ಜೊತೆ ಜಗಳಕ್ಕೆ ನಿಂತವರಿದ್ದಾರೆ.

ಎಲ್ಲ ಫೋಟೋ ಮೇಲೂ ಮಂಜು ಕವಿದಂತೆ, ದೀಪದ ಸುತ್ತ ಬೆಳಕು ಹರಡಿದಂತೆ

ಕಪ್ಪು ಕಪ್ಪಾಗಿಲ್ಲ, ಬೂದು ಬಣ್ಣಕ್ಕೆ ತಿರುಗಿದೆ. ಬಲ್ಬಿನಿಂದ ಉದ್ದ ಗೆರೆ ಹೊರಟಿದೆ. ಹೀಗಿದ್ದರೆ ಗಾಜು ಕೊಳೆಯಾಗಿದೆ ಅಂತಲೇ ತಿಳಿಯಿರಿ. ಖರ್ಚಿಲ್ಲದ ಪರೀಕ್ಷೆ ಇದು, ಆದರೂ ಜನ ಇದನ್ನೇ ಕೊನೆಗೆ ಮಾಡುತ್ತಾರೆ.

ಫೋನ್ ಆದರೆ ಹಿಂದಿನ ಕ್ಯಾಮೆರಾ ಗಾಜನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ ಮತ್ತೆ ತೆಗೆದು ನೋಡಿ. ಅದರ ಮೇಲೆ ಪ್ಲಾಸ್ಟಿಕ್ ರಕ್ಷಣಾ ಹಾಳೆ ಅಂಟಿಸಿದ್ದರೆ ಕಿತ್ತು ಹಾಕಿ. ಹೊಸದಾಗಿದ್ದಾಗ ಚೆನ್ನಾಗಿರುತ್ತದೆ, ನಾಲ್ಕು ದಿನಕ್ಕೆ ಗೀಚು ಬಿದ್ದು ಎಲ್ಲ ಮಬ್ಬಾಗುತ್ತದೆ.

ಕ್ಯಾಮೆರಾ ಲೆನ್ಸ್ ಆದರೆ ಯುವಿ ಫಿಲ್ಟರ್ ಬಿಚ್ಚಿ ಒಂದು ಫೋಟೋ, ಹಾಕಿ ಒಂದು ಫೋಟೋ ತೆಗೆದು ಹೋಲಿಸಿ. 70-300ರಂಥ ಉದ್ದ ಲೆನ್ಸಿನ ಮುಂದೆ ಅಗ್ಗದ ಫಿಲ್ಟರ್ ಇದ್ದರೆ ಅದೊಂದೇ ಶಾರ್ಪ್‌ನೆಸ್ ತಿಂದುಹಾಕಬಲ್ಲದು.

ಒರೆಸುವ ಮುಂಚೆ ಬ್ಲೋವರ್‌ನಿಂದ ಗಾಳಿ ಹೊಡೆದು ಧೂಳು ಹಾರಿಸಬೇಕು. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ಬೆಳಗ್ಗೆ ಫೋಟೋ ತೆಗೆದು ಬಂದರೆ ಲೆನ್ಸ್ ಮೇಲೆ ಕೂತಿರುವ ಧೂಳು ನೋಡಬೇಕು ನೀವು. ಅದನ್ನು ಅಂಗಿಯ ಅಂಚಿನಿಂದ ಉಜ್ಜಿದರೆ ಗಾಜಿನ ಕೋಟಿಂಗ್ ಮೇಲೆ ಸಣ್ಣ ಗೀರು ಬೀಳುತ್ತವೆ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಪೆಟ್ರೋಲ್, ಕಿಟಕಿ ಗಾಜು ಒರೆಸುವ ದ್ರಾವಣ ಇವುಗಳನ್ನು ಹತ್ತಿರವೂ ತರಬೇಡಿ. ಮತ್ತೆ ಆ ಮಾರುಕಟ್ಟೆಯಿಂದ ಬಂದವರು ಮೊದಲು ಕೈ ತೊಳೆಯಿರಿ. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಎಸಿ ಕಾರಿನಿಂದ ಇಳಿದ ಕೂಡಲೇ ಮಾತ್ರ ಮಂಜು ಕಾಣುತ್ತದೆ ಅಂದರೆ ಅದು ತೇವ. ಒರೆಸಿದರೆ ಮತ್ತೆ ಬರುತ್ತದೆ. ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ, ಅರ್ಧ ಗಂಟೆ ಬಿಡಿ, ತಾನಾಗಿ ಹೋಗುತ್ತದೆ. ಲೆನ್ಸ್ ಬಿಚ್ಚಿ ಒಳಗೆ ಒರೆಸಲು ಹೋಗಬೇಡಿ.

ಒರೆಸಿದರೂ, ಕಾದರೂ ಹೋಗದಿದ್ದರೆ ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು, ನಮ್ಮವರು ಫಂಗಸ್ ಅಂತಾರೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಚರ್ಮದ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಇದು ಬೇಗ ಹಿಡಿಯುತ್ತದೆ. ಇಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ರಿಪೇರಿಯವರ ಬಳಿ ಹೋಗಿ. ಅಲ್ಲಿಯವರೆಗೆ ಆ ಲೆನ್ಸನ್ನು ಬೇರೆ ಲೆನ್ಸ್‌ಗಳ ಜೊತೆ ಇಡಬೇಡಿ. ಉಳಿದವನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಒಂದೆರಡು ಧೂಳಿನ ಕಣ ಒಳಗೆ ಕಂಡರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಫೋಟೋದಲ್ಲಿ ಅವು ಕಾಣುವುದೇ ಇಲ್ಲ.

ಕಿಂಡಿಯಲ್ಲಿ ನೋಡುವಾಗ ಮಸುಕು, ಫೋಟೋ ಮಾತ್ರ ಚೆನ್ನಾಗಿದೆ

ವ್ಯೂಫೈಂಡರ್ ಪಕ್ಕದಲ್ಲಿ ಒಂದು ಸಣ್ಣ ಚಕ್ರ ಇದೆ, ಡಯಾಪ್ಟರ್ ಅಂತ. ನಿಮ್ಮ ಕಣ್ಣಿನ ನಂಬರಿಗೆ ಹೊಂದಿಸಲು ಇರುವುದು ಅದು. ಒಳಗೆ ಕಾಣುವ ಅಂಕಿಗಳು ಚೂಪಾಗಿ ಕಾಣುವವರೆಗೆ ತಿರುಗಿಸಿ. ಬ್ಯಾಗಿಗೆ ಹಾಕುವಾಗ ತೆಗೆಯುವಾಗ ಅದು ತಿರುಗಿಬಿಡುತ್ತದೆ, ಅಷ್ಟೇ.

ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದೆ

ದೀಪಗಳನ್ನು ನೋಡಿ. ಚುಕ್ಕೆಯಾಗಿರಬೇಕಾದ ಬಲ್ಬು ಸಣ್ಣ ಗೆರೆಯಾಗಿದೆಯಾ? ಎಲ್ಲ ಬಲ್ಬುಗಳ ಗೆರೆಯೂ ಒಂದೇ ಕಡೆ ವಾಲಿದೆಯಾ? ಹಾಗಿದ್ದರೆ ಕೈ ಅಲುಗಿದೆ. ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆಯ ತೇರಿನ ಫೋಟೋಗಳಲ್ಲಿ ಇದು ಜಾಸ್ತಿ. ಬೆಳಕು ಇಳಿದಿರುತ್ತದೆ, ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ, ಆಟೋ ಮೋಡಿನಲ್ಲಿರುವ ಕ್ಯಾಮೆರಾ ಸುಮ್ನೆ ಶಟರನ್ನು 1/30 ಸೆಕೆಂಡಿಗೆ ಇಳಿಸಿಬಿಟ್ಟಿರುತ್ತದೆ.

ಫೋಟೋದ ವಿವರದಲ್ಲಿ ಶಟರ್ ಸ್ಪೀಡ್ ಎಷ್ಟಿತ್ತು ನೋಡಿ. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸಿನ ಮಿಲಿಮೀಟರ್ ಎಷ್ಟಿದೆಯೋ ಸೆಕೆಂಡಿನ ಅಷ್ಟನೇ ಒಂದು ಭಾಗವಾದರೂ ಬೇಕು ಅನ್ನುವುದು ಹಳೆಯ ಲೆಕ್ಕ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಸಣ್ಣ ಸೆನ್ಸರ್, ಅಂದರೆ ಎಪಿಎಸ್-ಸಿ ಕ್ಯಾಮೆರಾ. ಅದಕ್ಕೆ ಒಂದೂವರೆ ಪಟ್ಟು ಸೇರಿಸಿ. 50 ಎಂಎಂ ಲೆನ್ಸಿಗೆ 1/80, 300 ಎಂಎಂಗೆ 1/500. ಇದಕ್ಕಿಂತ ನಿಧಾನ ಇದ್ದರೆ ಬೇರೆ ಕಾರಣ ಹುಡುಕಬೇಡಿ.

ಪರಿಹಾರಕ್ಕೆ ದುಡ್ಡು ಬೇಡ. ಮೊದಲು ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿ, ಆಗ ಶಟರ್ ವೇಗ ಹೆಚ್ಚಿಸಬಹುದು. 3200ಕ್ಕೆ ಹೋದರೆ ಫೋಟೋ ಕಾಳುಕಾಳಾಗುತ್ತದೆ ಅಂತ ಹೆದರುವವರು ಬಹಳ. ಕಾಳು ಬಂದದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ಸರಿ ಮಾಡಬಹುದು. ಎಳೆದುಹೋದ ಫೋಟೋ ಹೋದಂತೆಯೇ. ಎಡಗೈಯನ್ನು ಲೆನ್ಸಿನ ಕೆಳಗೆ ಕೊಡಿ, ಮೊಣಕೈ ಪಕ್ಕೆಗೆ ಒತ್ತಿರಲಿ, ಗೋಡೆಗೋ ಕಂಬಕ್ಕೋ ಒರಗಿ. ಬಟನ್ ಕುಟ್ಟಬೇಡಿ, ನಿಧಾನವಾಗಿ ಒತ್ತಿ. ಮೂರು ನಾಲ್ಕು ಸಾಲಾಗಿ ತೆಗೆದರೆ ನಡುವಿನದು ಮೊದಲನೆಯದಕ್ಕಿಂತ ಚೆನ್ನಾಗಿ ಬಂದಿರುತ್ತದೆ.

ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಅದರ ಸ್ವಿಚ್ ಆನ್ ಇದೆಯಾ ನೋಡಿ. ಟ್ರೈಪಾಡ್ ಮೇಲಿದ್ದಾಗ, ಅದರಲ್ಲೂ ಹಳೆಯ ಲೆನ್ಸ್‌ಗಳಲ್ಲಿ, ಅದನ್ನು ಆಫ್ ಮಾಡಿ. ಇಲ್ಲದ ಅಲುಗಾಟ ಹುಡುಕಿ ಅದೇ ಅಲುಗಾಡುವುದುಂಟು.

ಫೋನಿನವರಿಗೆ ಒಂದು ಎಚ್ಚರಿಕೆ. ಬೈಕ್ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಮ್ಯಾಪ್ ನೋಡುತ್ತಾ ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಾಡುವವರು ಬಹಳ ಜನ ಇದ್ದಾರೆ. ಶಕ್ತಿಯುತ ಬೈಕ್ ಎಂಜಿನ್ನಿನ ಕಂಪನ ಬಹಳ ದಿನ ತಾಗಿದರೆ ಫೋನ್ ಕ್ಯಾಮೆರಾದ ಫೋಕಸ್ ಮತ್ತು ಅಲುಗಾಟ ತಡೆಯುವ ಭಾಗ ಹಾಳಾಗಬಹುದು ಅಂತ ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಕ್ಯಾಮೆರಾ ಆ್ಯಪ್ ತೆರೆದರೆ ಚಿತ್ರ ತಾನಾಗಿ ನಡುಗುತ್ತಿದೆ, ಟಕಟಕ ಸದ್ದು ಬರುತ್ತಿದೆ ಅಂದರೆ ನಿಮ್ಮ ಕೈಯಿಂದ ಸರಿಹೋಗುವ ಕೆಲಸ ಅಲ್ಲ ಅದು.

ಹಿಂದಿನ ಗೋಡೆ ಶಾರ್ಪ್, ಓಡುವ ಹೋರಿ ಮಾತ್ರ ಮಸುಕು

ಕೈ ಅಲುಗಿಲ್ಲ. ಎದುರಿಗಿರುವುದು ಓಡಿದೆ. ಲೆನ್ಸಿನ ಅಲುಗಾಟ ತಡೆಯುವ ವ್ಯವಸ್ಥೆ ನಿಮ್ಮ ಕೈಯನ್ನು ಸಂಭಾಳಿಸುತ್ತದೆ, ಹೋರಿಯನ್ನಲ್ಲ.

ಹಾವೇರಿ ಕಡೆಯ ಹೋರಿ ಬೆದರಿಸುವ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು ಕಟ್ಟಿದ ಹೋರಿ ಸೆಕೆಂಡಿಗೆ 10 ಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಶಟರ್ 1/200 ಇದ್ದರೆ, ಅದು ತೆರೆದು ಮುಚ್ಚುವಷ್ಟರಲ್ಲಿ ಹೋರಿ 5 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕೊಬ್ಬರಿ ಬಟ್ಟಲು ಒಂದಕ್ಕೊಂದು ಮೆತ್ತಿಕೊಂಡು ಕಂದು ಪಟ್ಟಿಯಾಗುತ್ತದೆ. 1/2000ಕ್ಕೆ ಏರಿಸಿದರೆ ಅದೇ ಹೋರಿ ಸರಿಯುವುದು 5 ಮಿಲಿಮೀಟರ್. ಆಗ ಕೊಬ್ಬರಿಯನ್ನು ಎಣಿಸಬಹುದು, ಕಾಲಡಿಯಿಂದ ಎದ್ದ ಮಣ್ಣಿನ ಹರಳೂ ಕಾಣುತ್ತದೆ.

ಆದ್ದರಿಂದ ಶಟರ್ ಪ್ರಯಾರಿಟಿ ಮೋಡ್ (ಶಟರ್ ವೇಗ ನೀವೇ ಆರಿಸುವ ಮೋಡ್) ಹಾಕಿ, 1/1000ದಿಂದ 1/2000 ಇಡಿ, ಐಎಸ್‌ಒ ಆಟೋಗೆ ಬಿಡಿ. ಫೋಕಸ್ ಕಂಟಿನ್ಯೂಯಸ್ ಇರಲಿ. ಕ್ಯಾನನ್‌ನಲ್ಲಿ ಎಐ ಸರ್ವೋ, ಒಳಗೆ ಕನ್ನಡಿಯಿಲ್ಲದ ಅದರ ಹೊಸ ಮಿರರ್‌ಲೆಸ್‌ಗಳಲ್ಲಿ ಬರೀ ಸರ್ವೋ, ನಿಕಾನ್ ಮತ್ತು ಸೋನಿಯಲ್ಲಿ ಎಎಫ್-ಸಿ. ಒಂದೇ ಸಲ ಫೋಕಸ್ ಹಿಡಿದು ನಿಲ್ಲುವ ಮೋಡಿನಲ್ಲಿದ್ದರೆ ನೀವು ಬಟನ್ ಒತ್ತುವಷ್ಟರಲ್ಲಿ ಹೋರಿ ಆ ಜಾಗ ದಾಟಿರುತ್ತದೆ. ಹೋರಿ ಬಿಡುವ ಮುಂಚೆಯೇ ಅರ್ಧ ಬಟನ್ ಒತ್ತಿ ಹಿಂಬಾಲಿಸಲು ಶುರು ಮಾಡಿ. ಹತ್ತಿರ ಬಂದ ಮೇಲೆ ಹುಡುಕಿದರೆ ಫೋಕಸ್ ಜನರ ಮೇಲೆ ಕೂರುತ್ತದೆ.

ಜಾಗದ ವಿಷಯದಲ್ಲಿ ಹುಡುಗಾಟ ಬೇಡ. ಕಿಂಡಿಗೆ ಒಂದು ಕಣ್ಣು ಅಂಟಿಸಿದವನಿಗೆ ಪಕ್ಕದಿಂದ ತಿರುಗಿದ ಹೋರಿ ಕಾಣುವುದಿಲ್ಲ. ಅಖಾಡದೊಳಗೆ ಇಳಿಯಬೇಡಿ. ಗಟ್ಟಿ ತಡೆಗೋಡೆಯ ಹಿಂದೆಯೋ ಮನೆ ಮಾಳಿಗೆಯ ಮೇಲೋ ನಿಲ್ಲಿ, ಉದ್ದ ಲೆನ್ಸ್ ಇರುವುದೇ ಅದಕ್ಕೆ. ಜೊತೆಗೊಬ್ಬ ಗೆಳೆಯ ಇದ್ದು ಸುತ್ತ ನೋಡುತ್ತಿದ್ದರೆ ಇನ್ನೂ ಒಳ್ಳೆಯದು.

ಬೇಕಾದದ್ದು ಮಸುಕು, ಬೇಡದ್ದು ಶಾರ್ಪ್

ಮದುವೆ ಫೋಟೋಗಳ ದೊಡ್ಡ ರೋಗ ಇದೇ. ಅಕ್ಕಿಕಾಳು ಬೀಳುವ ಹೊತ್ತು. ಎಲ್ಲರ ಕೈ ಮೇಲೆದ್ದಿದೆ. ಫೋಟೋದಲ್ಲಿ ಮುಂದಿನ ಸಾಲಿನ ಕಾಕಾನ ಬೆರಳಿನ ಉಂಗುರ ಚಂದ ಬಂದಿದೆ, ವಧು-ವರರು ಹಿಂದೆ ಕರಗಿಹೋಗಿದ್ದಾರೆ.

ಇದರಲ್ಲಿ ಲೆನ್ಸಿನ ತಪ್ಪೇನೂ ಇಲ್ಲ, ಯಾಕೆಂದರೆ ಒಂದು ಕಡೆ ಶಾರ್ಪ್ ಬಂದಿದೆಯಲ್ಲ? ಫೋಕಸ್ ಕೆಲಸ ಮಾಡಿದೆ, ಜಾಗ ಮಾತ್ರ ತಪ್ಪಿದೆ. ಎಲ್ಲ ಫೋಕಸ್ ಪಾಯಿಂಟ್‌ಗಳನ್ನೂ ಕ್ಯಾಮೆರಾದ ಕೈಗೆ ಕೊಟ್ಟರೆ ಅದು ಸಾಮಾನ್ಯವಾಗಿ ಹತ್ತಿರ ಇರುವುದನ್ನೋ ಹೊಳೆಯುವುದನ್ನೋ ಹಿಡಿಯುತ್ತದೆ. ಒಂದೇ ಪಾಯಿಂಟ್ ಆರಿಸಿ, ಅದನ್ನು ಕಣ್ಣಿನ ಮೇಲೆ ಇಡಿ. ಹೊಸ ಮಿರರ್‌ಲೆಸ್‌ಗಳಲ್ಲಿ ಕಣ್ಣು ಗುರುತಿಸುವ ಫೋಕಸ್ ಇದೆ, ಆನ್ ಮಾಡಿ. ಆದರೂ ಅಕ್ಕಿಕಾಳಿನ ಹೊತ್ತಿನಲ್ಲಿ ನಾನು ಒಂದೇ ಪಾಯಿಂಟನ್ನೇ ನಂಬುವುದು. ಫೋನಿನಲ್ಲಾದರೆ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಹೆಚ್ಚಿನ ಫೋನುಗಳಲ್ಲಿ ಫೋಕಸ್ ಅಲ್ಲೇ ಲಾಕ್ ಆಗುತ್ತದೆ.

ಇನ್ನೊಂದು, ಸ್ವಲ್ಪ ಸೂಕ್ಷ್ಮವಾದದ್ದು. ಬಾಸಿಂಗದ ಮಣಿ ಶಾರ್ಪ್, ಅದರ ಹಿಂದಿನ ಕಣ್ಣು ಮಸುಕು. ಎಪಿಎಸ್-ಸಿ ಕ್ಯಾಮೆರಾಕ್ಕೆ 50 ಎಂಎಂ ಲೆನ್ಸ್ ಹಾಕಿ ಎಫ್ 1.8ರಲ್ಲಿ (ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸಿನ ರಂಧ್ರ, ಅಂದರೆ ಅಪರ್ಚರ್, ದೊಡ್ಡದು) ಒಂದೂವರೆ ಮೀಟರ್ ದೂರದಿಂದ ತೆಗೆದರೆ ಶಾರ್ಪ್ ಆಗಿ ಕಾಣುವ ಆಳ ಒಟ್ಟು ಸುಮಾರು 6 ಸೆಂಟಿಮೀಟರ್. ಫೋಕಸ್ ಬಿದ್ದ ಜಾಗದ ಹಿಂದೆ ನಿಮಗೆ ಸಿಗುವುದು 3 ಸೆಂಟಿಮೀಟರ್ ಅಷ್ಟೇ. ಹಣೆಯಿಂದ ಮುಂದೆ ತೂಗುವ ಮಣಿಗೂ ಕಣ್ಣಿಗೂ ಅಷ್ಟು ಅಂತರ ಇದ್ದೇ ಇರುತ್ತದೆ. ಎಫ್ 1.8 ಅಂತ ದುಡ್ಡು ಕೊಟ್ಟು ತಂದಿದ್ದೇನೆ, ಅದರಲ್ಲೇ ತೆಗೆಯುತ್ತೇನೆ ಅಂತ ಹಟ ಹಿಡಿಯಬೇಡಿ. ಒಬ್ಬರಿಗೆ ಎಫ್ 2.8, ಜೋಡಿಗೆ ಎಫ್ 4, ಮನೆಮಂದಿ ಎರಡು ಸಾಲು ನಿಂತರೆ ಎಫ್ 5.6 ಅಥವಾ ಎಫ್ 8. ಸಾಲು ಎರಡಿದ್ದರೆ ಮುಂದಿನ ಸಾಲಿನವರ ಕಣ್ಣಿಗೆ ಫೋಕಸ್ ಮಾಡಿ.

ನಡುವಿನ ಪಾಯಿಂಟಿನಿಂದ ಫೋಕಸ್ ಹಿಡಿದು, ಆಮೇಲೆ ಕ್ಯಾಮೆರಾ ತಿರುಗಿಸಿ ಚೌಕಟ್ಟು ಹೊಂದಿಸುವ ಅಭ್ಯಾಸ ಹಲವರಿಗಿದೆ. ಎಫ್ 8ರಲ್ಲಿ ಪರವಾಗಿಲ್ಲ. ಅದೇ ಒಂದೂವರೆ ಮೀಟರ್ ದೂರದಲ್ಲಿ, ಎಫ್ 1.8ರಲ್ಲಿ, 15 ಡಿಗ್ರಿ ತಿರುಗಿಸಿದರೆ ಫೋಕಸ್ 5 ಸೆಂಟಿಮೀಟರ್ ಹಿಂದಕ್ಕೆ ಸರಿಯುತ್ತದೆ. ಕಣ್ಣಿಗೆ ಇಟ್ಟದ್ದು ಕಿವಿಯ ಜುಮಕಿಗೆ ಹೋಗಿ ಕೂರುವುದು ಹೀಗೆ. ಪಾಯಿಂಟನ್ನೇ ಕಣ್ಣಿದ್ದಲ್ಲಿಗೆ ಸರಿಸಿ.

ಬಂಕಾಪುರ ಕೋಟೆಯ ನವಿಲುಗಳ ಫೋಟೋದಲ್ಲಿ ಜಾಲಿ ಮುಳ್ಳು ಶಾರ್ಪ್ ಬರುವುದೂ ಇದೇ ಕಾರಣಕ್ಕೆ. ಅಲ್ಲಿ ಒಂದೇ ಸಣ್ಣ ಪಾಯಿಂಟನ್ನು ಕೊಂಬೆಗಳ ಸಂದಿಯಿಂದ ಹಕ್ಕಿಯ ಕತ್ತಿನ ಮೇಲೆ ಇಟ್ಟು, ಆಮೇಲೆ ಬೇಕಿದ್ದರೆ ಫೋಕಸ್ ರಿಂಗನ್ನು ಕೈಯಿಂದ ಚೂರು ತಿರುಗಿಸಿ. ಮುಳ್ಳು ಅಡ್ಡ ಬಂತು ಅಂತ ಹಕ್ಕಿಯನ್ನು ಅಟ್ಟಬೇಡಿ. ನೀವೇ ಎರಡು ಹೆಜ್ಜೆ ಸರಿದರೆ ಸಾಕು.

ಫೋಕಸ್ ಹಿಂದೆ ಮುಂದೆ ಓಡಾಡುತ್ತದೆ, ಎಲ್ಲೂ ನಿಲ್ಲುವುದಿಲ್ಲ

ಮೊದಲು ಹತ್ತಿರ ಎಷ್ಟು ಹೋಗಿದ್ದೀರಿ ನೋಡಿಕೊಳ್ಳಿ. ಪ್ರತಿ ಲೆನ್ಸಿಗೂ ಇಷ್ಟಕ್ಕಿಂತ ಹತ್ತಿರ ಆಗುವುದಿಲ್ಲ ಅನ್ನುವ ಗಡಿ ಇದೆ. 18-55 ಲೆನ್ಸ್‌ಗಳಲ್ಲಿ ಅದು ಸುಮಾರು 25 ಸೆಂಟಿಮೀಟರ್, 50 ಎಂಎಂ ಲೆನ್ಸ್‌ಗಳಲ್ಲಿ ಮಾಡೆಲ್ ನೋಡಿ 35ರಿಂದ 45. ಈ ಅಳತೆ ಕ್ಯಾಮೆರಾದೊಳಗಿನ ಸೆನ್ಸರಿನಿಂದ, ಲೆನ್ಸಿನ ತುದಿಯಿಂದ ಅಲ್ಲ. ಧಾರವಾಡ ಪೇಡೆಯ ಮೇಲಿನ ಸಕ್ಕರೆ ಪುಡಿ ತೋರಿಸಬೇಕು ಅಂತ ಫೋನನ್ನು ಪೇಡೆಗೆ ತಾಗಿಸುವಷ್ಟು ಹತ್ತಿರ ಒಯ್ದರೆ ಅದು ಹಿಡಿಯುವುದಾದರೂ ಹೇಗೆ? ಒಂದು ಗೇಣು ಹಿಂದೆ ಬನ್ನಿ, ಎರಡು ಪಟ್ಟು ಜೂಮ್ ಮಾಡಿ.

ಎರಡನೆಯದು ಸ್ವಿಚ್. ಲೆನ್ಸಿನ ಪಕ್ಕದ ಗುಂಡಿ ಎಂಎಫ್ (ಕೈಯಿಂದ ಫೋಕಸ್) ಕಡೆ ಸರಿದಿದ್ದರೆ ಫೋಕಸ್ ಓಡುವುದೇ ಇಲ್ಲ. ನಗಬೇಡಿ, ರಿಪೇರಿಗೆ ಬಂದ ಲೆನ್ಸ್‌ಗಳಲ್ಲಿ ಇದೂ ಸಿಗುತ್ತದೆ. ಉದ್ದ ಲೆನ್ಸ್‌ಗಳಲ್ಲಿ ದೂರದ ಮಿತಿ ಹಾಕುವ ಇನ್ನೊಂದು ಸ್ವಿಚ್ ಇರಬಹುದು, ಅದನ್ನೂ ನೋಡಿ.

ಅಷ್ಟೂ ಸರಿ ಇದ್ದರೆ ಬೆಳಕು ಮತ್ತು ಗೆರೆ. ಆಟೋಫೋಕಸ್‌ಗೆ ಬೇಕಾದದ್ದು ಕಪ್ಪು-ಬಿಳುಪು ಸೇರುವ ಅಂಚು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಹೊರಗೆ ಬಿಸಿಲಿನಲ್ಲಿ ನಿಂತು ಬಾಗಿಲವಾಡದ ಕೆತ್ತನೆಗೆ ಫೋಕಸ್ ಮಾಡಿ, ಟಕ್ ಅಂತ ಹಿಡಿಯುತ್ತದೆ. ಒಳಗೆ ಹೋಗಿ ನುಣುಪು ಕಂಬದ ಹೊಟ್ಟೆಗೆ ಇಡಿ, ಹುಡುಕಾಟ ಶುರು. ನುಣ್ಣಗಿನ ಕಲ್ಲಿನ ಮೇಲೆ ಅದಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ. ಅದೇ ಕಂಬದ ಅಂಚಿಗೆ, ಉಂಗುರದ ಗೆರೆಗೆ ಪಾಯಿಂಟ್ ಸರಿಸಿ. ಅಡ್ಡ ಗೆರೆಗೆ ಹಿಡಿಯದಿದ್ದರೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ನೋಡಿ. ಕೆಲವು ಪಾಯಿಂಟ್‌ಗಳು ಒಂದೇ ದಿಕ್ಕಿನ ಗೆರೆ ನೋಡಬಲ್ಲವು, ನಡುವಿನದು ಸಾಮಾನ್ಯವಾಗಿ ಎರಡನ್ನೂ ನೋಡುತ್ತದೆ. ಗೆಳೆಯ ಫೋನಿನ ಟಾರ್ಚ್ ಹಿಡಿದರೆ ಫೋಕಸ್ ಹಿಡಿಯುವಷ್ಟು ಬೆಳಕು ಸಿಗುತ್ತದೆ. ಹಿಡಿದ ಮೇಲೆ ಎಂಎಫ್‌ಗೆ ಸರಿಸಿ, ಟಾರ್ಚ್ ಆರಿಸಿ, ತೆಗೆಯಿರಿ.

ಅದೂ ಆಗದಿದ್ದರೆ ಲೈವ್ ವ್ಯೂ (ಕಿಂಡಿ ಬದಲು ಪರದೆಯಲ್ಲೇ ನೋಡುವುದು) ಹಾಕಿ, ಪರದೆಯಲ್ಲಿ 5 ಅಥವಾ 10 ಪಟ್ಟು ದೊಡ್ಡದು ಮಾಡಿ, ಕೈಯಿಂದಲೇ ರಿಂಗ್ ತಿರುಗಿಸಿ. ನಿಧಾನದ ದಾರಿ, ಆದರೆ ಅಲುಗದ ಕಲ್ಲಿಗೆ ಇದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ. ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡ್ ಬಿಚ್ಚುವ ಮುಂಚೆ ಅಲ್ಲಿಯವರನ್ನು ಕೇಳಿ, ಅನುಮತಿ ಬೇಕಾಗುತ್ತದೆ. ಲಕ್ಕುಂಡಿಯ ಬಾವಿಗಳ ಮೆಟ್ಟಿಲ ಮೇಲೆ ಕಿಂಡಿಯಲ್ಲಿ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆ ಇಡುವುದಂತೂ ಬೇಡವೇ ಬೇಡ.

ದೂರದ್ದು ಮಾತ್ರ ಅಲೆಅಲೆಯಾಗಿದೆ

2024ರಲ್ಲಿ ರಾಮ್‌ಸಾರ್ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ) ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ರಾಣೆಬೆನ್ನೂರು ಅಭಯಾರಣ್ಯದಲ್ಲಿ ಕೃಷ್ಣಮೃಗ ಇವೆ. ಎರಡೂ ಕಡೆ ಮಧ್ಯಾಹ್ನ ದೂರದಿಂದ ತೆಗೆದ ಫೋಟೋದಲ್ಲಿ ಪ್ರಾಣಿಯ ಅಂಚು ಕರಗಿದಂತೆ, ಗೆರೆಗಳು ಸೊಟ್ಟಸೊಟ್ಟ ಬಂದಿರುತ್ತವೆ. ಕಾದ ನೆಲದ ಮೇಲಿನ ಗಾಳಿ ಕುದಿಯುತ್ತಿದೆ, ಅದರ ಮೂಲಕ ನೀವು ನೋಡುತ್ತಿದ್ದೀರಿ. ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮೇಲೆ ಏಪ್ರಿಲ್ ಮಧ್ಯಾಹ್ನ ನಿಂತು ಆ ತುದಿ ನೋಡಿ, ಬರಿಗಣ್ಣಿಗೇ ಹಳಿ ನಡುಗುವುದು ಕಾಣುತ್ತದೆ.

ಗುರುತು ಹಿಡಿಯುವುದು ಸುಲಭ. ಸಾಲಾಗಿ ತೆಗೆದ ಹತ್ತು ಫೋಟೋಗಳಲ್ಲಿ ಒಂದೊಂದರಲ್ಲಿ ಒಂದೊಂದು ಥರ ಸೊಟ್ಟ ಇದ್ದರೆ ಬಿಸಿ ಗಾಳಿ. ಲಕ್ಷ ರೂಪಾಯಿಯ ಲೆನ್ಸ್ ಇದನ್ನು ಸರಿ ಮಾಡಲಾರದು. ಬೆಳಗಿನ ಜಾವ ಹೋಗಿ, ಹತ್ತಿರದಿಂದ ತೆಗೆಯಿರಿ. ಕಾರಿನೊಳಗಿಂದ ತೆಗೆಯುವಾಗ ಎಂಜಿನ್ ಆರಿಸಿ. ಬಾನೆಟ್ ಮೇಲಿನ ಬಿಸಿಯೂ ಇದೇ ಕೆಲಸ ಮಾಡುತ್ತದೆ.

ನೃಪತುಂಗ ಬೆಟ್ಟದಿಂದ ಸೂರ್ಯ ಮುಳುಗುವುದನ್ನು ತೆಗೆಯುವವರು ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಕಿಂಡಿಯಲ್ಲಿ ಉದ್ದ ಲೆನ್ಸಿನಿಂದ ಸೂರ್ಯನಿಗೆ ಫೋಕಸ್ ಮಾಡಬೇಡಿ. ಕಣ್ಣಿಗೆ ಕಾಯಂ ಪೆಟ್ಟಾಗಬಹುದು. ಪರದೆ ನೋಡಿ ತೆಗೆಯಿರಿ, ಅದೂ ಚುಟುಕಾಗಿ.

ಬಯಲಿನ ಫೋಟೋ ಹೇಳುವಷ್ಟು ಚೂಪಿಲ್ಲ

ಕಪ್ಪತಗುಡ್ಡದಲ್ಲಿ ಮುಂದಿನ ಹುಲ್ಲೂ ಬೇಕು, ದೂರದ ಗಾಳಿಯಂತ್ರವೂ ಬೇಕು ಅಂತ ಎಫ್ 22 ಇಡುತ್ತೀರಿ. ರಂಧ್ರ ಅಷ್ಟು ಸಣ್ಣದಾದರೆ ಬೆಳಕು ಅಂಚಿನಲ್ಲಿ ಚೆದುರಿ ಇಡೀ ಫೋಟೋ ಮೆತ್ತಗಾಗುತ್ತದೆ. ಎಪಿಎಸ್-ಸಿಯಲ್ಲಿ ಎಫ್ 8ರಿಂದ ಎಫ್ 11ರ ನಡುವೆ ನಿಲ್ಲಿ. 18 ಎಂಎಂ, ಎಫ್ 8 ಇಟ್ಟು 2 ಮೀಟರ್ ಆಚೆಯ ಕಲ್ಲಿಗೆ ಫೋಕಸ್ ಮಾಡಿದರೆ ಹೆಚ್ಚುಕಡಿಮೆ 1 ಮೀಟರಿನಿಂದ ಹಿಡಿದು ಗುಡ್ಡದ ತುದಿಯವರೆಗೆ ಸಾಕಷ್ಟು ಶಾರ್ಪ್ ಬರುತ್ತದೆ. ಜೂಮ್ ಬದಲಿಸಿದರೆ ಮತ್ತೆ ಫೋಕಸ್ ಮಾಡಿ. ಕೆಲವು ಲೆನ್ಸ್‌ಗಳಲ್ಲಿ ಜೂಮ್ ತಿರುಗಿಸಿದ ಕೂಡಲೇ ಫೋಕಸ್ ಸರಿದುಬಿಡುತ್ತದೆ.

ಪ್ರತಿ ಸಲ, ಒಂದೇ ಕಡೆಗೆ ತಪ್ಪುತ್ತದೆ

ಈಗ ನಿಜವಾಗಿ ಸಾಮಾನಿನ ಮೇಲೆ ಅನುಮಾನ ಪಡಬಹುದು. ಕಣ್ಣಿಗೆ ಇಟ್ಟರೆ ಯಾವಾಗಲೂ ಕಿವಿಗೇ ಹೋಗುತ್ತದೆ, ಅಥವಾ ಯಾವಾಗಲೂ ಮೂಗಿನ ತುದಿಗೇ. ಹೀಗೆ ಪರೀಕ್ಷೆ ಮಾಡಿ.

ಹಗಲು ಬೆಳಕಿರುವ ಗೋಡೆಗೆ ಹಳೆಯ ಪೇಪರಿನ ಒಂದು ಹಾಳೆ ಮಟ್ಟಸವಾಗಿ ಅಂಟಿಸಿ. ಅದರ ಒಂದು ಬದಿಗೆ ಶಾಲೆ ಮಕ್ಕಳ ಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಅದರ ನಡುವಿನ ಗುರುತು ಹಾಳೆಯ ಮಟ್ಟಕ್ಕೇ ಇರಲಿ. 50 ಎಂಎಂ ಲೆನ್ಸಾದರೆ ಎರಡು ಮೀಟರ್ ದೂರದಲ್ಲಿ, ಗೋಡೆಗೆ ನೇರವಾಗಿ, ಟ್ರೈಪಾಡ್ ಮೇಲೆ ಕ್ಯಾಮೆರಾ. ಟ್ರೈಪಾಡ್ ಇಲ್ಲದಿದ್ದರೆ ಟೇಬಲ್ ಮೇಲೆ ಪುಸ್ತಕ ಪೇರಿಸಿ. ಅಪರ್ಚರ್ ಪೂರ್ತಿ ತೆರೆಯಿರಿ, 2 ಸೆಕೆಂಡ್ ಟೈಮರ್ ಇಡಿ. ಮೊದಲು ಕಿಂಡಿಯಿಂದ ಆಟೋಫೋಕಸ್ ಮಾಡಿ ಐದಾರು ತೆಗೆಯಿರಿ, ಪ್ರತಿ ಸಲವೂ ಮೊದಲು ರಿಂಗನ್ನು ಬೇಕಂತಲೇ ಕೆಡಿಸಿ. ಆಮೇಲೆ ಲೈವ್ ವ್ಯೂನಲ್ಲಿ ಐದಾರು. ಕೊನೆಗೆ ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ ಕೈಯಿಂದಲೇ ಫೋಕಸ್ ಮಾಡಿ ಐದಾರು.

ಲೈವ್ ವ್ಯೂನಲ್ಲಿ ಶಾರ್ಪ್, ಕಿಂಡಿಯಿಂದ ಯಾವಾಗಲೂ ಒಂದೇ ಕಡೆ ತಪ್ಪು ಅಂದರೆ ಡಿಎಸ್‌ಎಲ್‌ಆರ್‌ನ ಫೋಕಸ್ ಸೆನ್ಸರ್ ಮತ್ತು ಲೆನ್ಸಿನ ಹೊಂದಾಣಿಕೆ ಸರಿದಿದೆ. ಸ್ವಲ್ಪ ದುಬಾರಿ ಮಾಡೆಲ್‌ಗಳಲ್ಲಿ ಮೆನುವಿನಲ್ಲೇ ಫೋಕಸ್ ಫೈನ್ ಟ್ಯೂನ್ ಇರುತ್ತದೆ, ಎರಡು ಮೂರು ಅಂಕಿ ಬದಲಿಸಿ ಮತ್ತೆ ಪರೀಕ್ಷಿಸಿ. ಕ್ಯಾನನ್ 1500ಡಿ, ನಿಕಾನ್ ಡಿ3500ರಂಥವುಗಳಲ್ಲಿ ಅದಿಲ್ಲ, ಸರ್ವಿಸ್ ಸೆಂಟರೇ ಗತಿ. ಮಿರರ್‌ಲೆಸ್ ಸೆನ್ಸರಿನ ಮೇಲೇ ಫೋಕಸ್ ಮಾಡುವುದರಿಂದ ಅದರಲ್ಲಿ ಈ ತಾಪತ್ರಯ ಬಹುತೇಕ ಇಲ್ಲ.

ಒಮ್ಮೆ ಮುಂದೆ, ಒಮ್ಮೆ ಹಿಂದೆ ತಪ್ಪುತ್ತಿದ್ದರೆ ಮೆನು ಮುಟ್ಟಬೇಡಿ. ಅದನ್ನು ಅಂಕಿ ಬದಲಿಸಿ ಸರಿ ಮಾಡಲಾಗುವುದಿಲ್ಲ. ಕೈಯಿಂದ ಮಾಡಿದ ಫೋಕಸ್ ಚೆನ್ನಾಗಿದ್ದು ಎರಡೂ ಆಟೋಫೋಕಸ್ ತಪ್ಪಿದರೆ ಲೆನ್ಸಿನ ಮೋಟಾರ್ ಕಡೆ ಅನುಮಾನ. ಟ್ರೈಪಾಡ್ ಮೇಲೆ, ದೊಡ್ಡದು ಮಾಡಿ, ಕೈಯಿಂದ ಫೋಕಸ್ ಮಾಡಿದರೂ ಶಾರ್ಪ್ ಬರದಿದ್ದರೆ ಆಗ ಲೆನ್ಸಿನ ಗಾಜನ್ನೇ ಅನುಮಾನಿಸಬೇಕು.

ಒಂದು ಬದಿ ಶಾರ್ಪ್, ಇನ್ನೊಂದು ಬದಿ ಇಲ್ಲ

ಅದೇ ಪೇಪರ್ ಹಾಳೆಗಳನ್ನು ಚೌಕಟ್ಟು ತುಂಬುವಷ್ಟು ಅಂಟಿಸಿ, ಎಫ್ 5.6ರಲ್ಲಿ ತೆಗೆದು ನಾಲ್ಕೂ ಮೂಲೆಯ ಅಕ್ಷರ ಓದಿ. ನಾಲ್ಕೂ ಸ್ವಲ್ಪ ಮೆತ್ತಗಿದ್ದರೆ ಅದು ಲೆನ್ಸಿನ ಗುಣ. ಬಲಗಡೆ ಮಾತ್ರ ಓದಲಾಗುತ್ತಿಲ್ಲ ಅಂದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ತೆಗೆಯಿರಿ. ಈಗಲೂ ಫೋಟೋದ ಅದೇ ಬಲಗಡೆ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ, ಸಾಮಾನ್ಯವಾಗಿ ಬಿದ್ದ ಲೆನ್ಸಿನಲ್ಲಿ ಹೀಗಾಗುತ್ತದೆ. ಮಸುಕು ಎಡಕ್ಕೆ ಬಂದರೆ ನೀವು ಕ್ಯಾಮೆರಾವನ್ನು ಗೋಡೆಗೆ ನೇರ ಇಟ್ಟಿರಲಿಲ್ಲ.

ಇಲ್ಲಿ ಕೈ ತೆಗೆಯಿರಿ

ಫೋಕಸ್ ಮಾಡುವಾಗ ಕರಕರ ಸದ್ದು, ರಿಂಗ್ ಒಂದು ಕಡೆ ಸಿಕ್ಕಿಕೊಳ್ಳುವುದು, ಒಳಗೆ ಏನೋ ಉರುಳುವುದು, ಲೆನ್ಸಿನೊಳಗೆ ನೀರು, ಉಬ್ಬಿದ ಬ್ಯಾಟರಿ. ಇವುಗಳಲ್ಲಿ ಯಾವುದು ಕಂಡರೂ ಆಫ್ ಮಾಡಿ, ಬ್ಯಾಟರಿ ತೆಗೆಯಿರಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. 'ಲೆನ್ಸ್ ಸಂಪರ್ಕ ಇಲ್ಲ' ಅನ್ನುವಂಥ ಎರರ್ ಮಾತ್ರ ಬರುತ್ತಿದ್ದರೆ ಆಫ್ ಮಾಡಿ ಲೆನ್ಸ್ ಬಿಚ್ಚಿ, ಹಿಂಬದಿಯ ಹಿತ್ತಾಳೆ ಬಣ್ಣದ ಚುಕ್ಕೆಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿ. ಅಷ್ಟಕ್ಕೇ ಸರಿಹೋಗುವುದುಂಟು.

ಯೂಟ್ಯೂಬ್ ನೋಡಿ ಸ್ಕ್ರೂ ಬಿಚ್ಚುವ ಆಸೆ ಬರುತ್ತದೆ. ಒಳಗಡೆ ಫ್ಲ್ಯಾಶ್ ಇರುವ ಕ್ಯಾಮೆರಾ ಅಥವಾ ಬಿಡಿ ಫ್ಲ್ಯಾಶನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಬ್ಯಾಟರಿ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ನಷ್ಟು ಕರೆಂಟ್ ಉಳಿದಿರುತ್ತದೆ.

ಸರ್ವಿಸಿಗೆ ಹೋಗುವಾಗ ಬರೀ ಲೆನ್ಸ್ ಒಯ್ಯಬೇಡಿ, ಕ್ಯಾಮೆರಾವನ್ನೂ ಒಯ್ಯಿರಿ. ಆ ಪೇಪರಿನ ಪರೀಕ್ಷೆಯ ಫೋಟೋಗಳನ್ನು ಕುಗ್ಗಿಸದೆ ಪೆನ್‌ಡ್ರೈವ್‌ನಲ್ಲಿ ಹಾಕಿಕೊಳ್ಳಿ. "ಮಸಕ ಬರ್ತೈತ್ರಿ" ಅನ್ನುವುದಕ್ಕಿಂತ "ಲೈವ್ ವ್ಯೂನ್ಯಾಗ ಸರಿ ಬರ್ತೈತಿ, ಕಿಂಡ್ಯಾಗಿಂದ ತಗದ್ರ ಎಲ್ಲಾ ಹಿಂದಕ್ಕ ಹೊಕ್ಕೈತಿ" ಅಂತ ಹೇಳಿದರೆ ಅವರಿಗೂ ಅರ್ಧ ಕೆಲಸ ಮುಗಿದಂತೆ. ಮೆಮೊರಿ ಕಾರ್ಡ್, ಬೆಲ್ಟು, ಫಿಲ್ಟರ್ ಬಿಚ್ಚಿ ಮನೆಯಲ್ಲಿಡಿ. ಸೀರಿಯಲ್ ನಂಬರ್ ಬರೆದುಕೊಂಡು, ರಸೀದಿಯಲ್ಲಿ ಅದೇ ನಂಬರ್ ಇದೆಯಾ ನೋಡಿ ತಗೊಳ್ಳಿ. ಎಷ್ಟು ಖರ್ಚಾಗುತ್ತದೆ ಅಂತ ಹೇಳಿ, ನೀವು ಒಪ್ಪಿದ ಮೇಲೆ ಬಿಚ್ಚಲಿ. ಹಳೆಯ ಕಿಟ್ ಲೆನ್ಸಿಗೆ ಎಷ್ಟೋ ಸಲ ರಿಪೇರಿ ಖರ್ಚಿಗಿಂತ ಸೆಕೆಂಡ್ ಹ್ಯಾಂಡ್ ಲೆನ್ಸೇ ಅಗ್ಗ ಬೀಳುತ್ತದೆ.